ಗಂಟು, ಚಂದಾ, ಬುಟ್ಟಿ

ಧಾರವಾಡ ಸೀಮೆಯಲ್ಲಿ ಕನ್ನಡ ಪುಸ್ತಕ ಓದುಗರ ಮನೆ ಸೇರಿದ ದಾರಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಮೂರು ಹೆಸರು ಸಿಗುತ್ತವೆ: ಗಂಟು, ಚಂದಾ, ಬುಟ್ಟಿ. ಗಂಟು ಎಂದರೆ ಲೇಖಕನೇ ಹೊತ್ತು ತಂದ ಪುಸ್ತಕದ ಹೊರೆ. ಚಂದಾ ಎಂದರೆ ಇನ್ನೂ ಅಚ್ಚಾಗದ ಪುಸ್ತಕಕ್ಕೆ ಓದುಗ ಮೊದಲೇ ಕೊಟ್ಟ ಹಣ. ಬುಟ್ಟಿ ಎಂದರೆ ಇಂದು ಜಾಲತಾಣದ ಮೇಲ್ತುದಿಯಲ್ಲಿ ಕಾಣುವ ಸಣ್ಣ ಚಿತ್ರ, ಅಂದರೆ ಶಾಪಿಂಗ್ ಕಾರ್ಟ್. ಮೊದಲೆರಡು ನನ್ನ ಪಿಎಚ್.ಡಿ. ಅಧ್ಯಯನಕ್ಕೆ ಸೇರಿದವು. ಮೂರನೆಯದು ನನ್ನ ಮೇಜಿಗೆ ಬಂದದ್ದು ಹೋದ ವರ್ಷ, ಧಾರವಾಡದ ಒಂದು ಸಣ್ಣ ಪ್ರಕಾಶನದ ಮೂಲಕ.

ಅವರಿಗೆ ಒಂದು ಜಾಲತಾಣ ಇತ್ತು. ವರ್ಡ್‌ಪ್ರೆಸ್‌ನಲ್ಲಿ ನಡೆಯುತ್ತಿತ್ತು. ಪುಸ್ತಕ ಪರಿಚಯ, ಮುನ್ನುಡಿ, ಲೇಖಕರ ಬರಹಗಳು ಅದರಲ್ಲಿದ್ದವು. ಬರೆಯಬಲ್ಲವರು ಯಾರಾದರೂ ಒಳಹೊಕ್ಕು ಲೇಖನ ಹಾಕಬಹುದಾದ, ತಿದ್ದಬಹುದಾದ ವ್ಯವಸ್ಥೆ ಅದು. ಆದರೆ ಅಲ್ಲಿ ಪುಸ್ತಕ ಕೊಳ್ಳಲು ಬರುತ್ತಿರಲಿಲ್ಲ. ಬೇಕಾದವರು ಫೋನ್ ಮಾಡಬೇಕು, ಹಣ ಕಳಿಸಬೇಕು, ಕಳಿಸಿದ್ದಕ್ಕೆ ಚಿತ್ರ ಕಳಿಸಬೇಕು, ವಿಳಾಸ ಬರೆಯಬೇಕು. ಯಾವ ಕಾರ್ಟ್ ತಂತ್ರಾಂಶ ಹಾಕಿಕೊಳ್ಳಬೇಕು ಎಂದು ಕೇಳಿದ ಹಿರಿಯ ಪ್ರಕಾಶಕರ ಬೇಡಿಕೆ ಮೂರೇ ಮಾತಿನದು: "ನೋಡವಾ, ಮಂದಿ ಪುಸ್ತಕಾ ತರಿಸ್ಕೋಬೇಕು, ರೊಕ್ಕಾ ಬರಬೇಕು, ಲೆಕ್ಕಾ ಉಳೀಬೇಕು. ಇಷ್ಟ."

ಕನ್ನಡ ಪುಸ್ತಕ ವ್ಯಾಪಾರ ನೂರು ವರ್ಷಗಳಿಂದ ಉತ್ತರ ಹುಡುಕುತ್ತಿರುವುದು ಈ ಮೂರಕ್ಕೇ. ಹಾಗಾಗಿ ತಂತ್ರಾಂಶಗಳನ್ನು ತೂಗಿ ನೋಡುವ ಮೊದಲು ಹಳೆಯ ಉತ್ತರಗಳನ್ನು ಒಮ್ಮೆ ನೋಡುವುದು ವಾಸಿ.

ಗಳಗನಾಥರಿಂದ ಶುರುಮಾಡೋಣ. ವೆಂಕಟೇಶ ತಿರಕೋ ಕುಲಕರ್ಣಿ (1869–1942) ಕಾದಂಬರಿ ಬರೆದರು, ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿದರು, ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಇದನ್ನು ನಾವು ಸಾಮಾನ್ಯವಾಗಿ ಕನ್ನಡದ ಸೇವೆ, ತ್ಯಾಗ ಎಂಬ ಮಾತುಗಳಲ್ಲಿ ನೆನೆಯುತ್ತೇವೆ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಗಂಟಿನ ವ್ಯಾಪಾರದಲ್ಲಿ ಅಂಚೆ ಖರ್ಚಿಲ್ಲ, ದಲ್ಲಾಳಿಯಿಲ್ಲ, ಉದ್ರಿ ಕೇಳುವವನ ಮುಖ ಎದುರಿಗೇ ಇದೆ. ಆದರೆ ಮಾರಾಟವಾಗದ ಪುಸ್ತಕದ ಭಾರ ಅಕ್ಷರಶಃ ಲೇಖಕನ ಮೇಲೆ. ನಷ್ಟ ಯಾರ ತಲೆಯ ಮೇಲೆ ಎಂಬುದು ಪುಸ್ತಕ ವ್ಯಾಪಾರದ ಮೂಲ ಪ್ರಶ್ನೆ. ಗಳಗನಾಥರ ಗಂಟಿನಷ್ಟು ನೇರವಾಗಿ ಅದನ್ನು ತೋರಿಸುವ ಉದಾಹರಣೆ ಬೇರೆ ಸಿಗಲಾರದು.

ಅಂಚೆ ಇಲಾಖೆ ಈ ಭಾರವನ್ನು ಇಳಿಸಲು ಒಂದು ದಾರಿ ತೆರೆದಿತ್ತು. 1877ರಲ್ಲಿ ಭಾರತದಲ್ಲಿ ವ್ಯಾಲ್ಯೂ ಪೇಯೆಬಲ್ ಪೋಸ್ಟ್, ನಮ್ಮ ಬಾಯಲ್ಲಿ ವಿ.ಪಿ., ಶುರುವಾಯಿತು. ಪೋಸ್ಟ್‌ಮನ್ ಪೊಟ್ಟಣ ತರುತ್ತಾನೆ, ಓದುಗ ಹಣ ಕೊಟ್ಟು ಬಿಡಿಸಿಕೊಳ್ಳುತ್ತಾನೆ, ಆ ಹಣ ಮನಿಆರ್ಡರಿನ ಮೂಲಕ ಪ್ರಕಾಶಕನಿಗೆ ಬರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಬೇಕಿಲ್ಲ, ನಂಬಬೇಕಾಗಿಯೂ ಇಲ್ಲ. ನಂಬಿಕೆಯ ಕೆಲಸವನ್ನು ನಡುವೆ ಅಂಚೆಯೇ ಮಾಡುತ್ತದೆ. ತೊಂದರೆ ಒಂದೇ: ಓದುಗ ಊರಲ್ಲಿಲ್ಲದಿದ್ದರೆ, ಕೈಯಲ್ಲಿ ಕಾಸಿಲ್ಲದಿದ್ದರೆ, ಮನಸ್ಸು ಬದಲಾದರೆ ಪೊಟ್ಟಣ ವಾಪಸ್. ಹೋಗಿ ಬಂದ ಖರ್ಚು ಪ್ರಕಾಶಕನದು.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕದ ಅಂಗಡಿಯಾಗಿಯೇ ಶುರುವಾದ ಫ್ಲಿಪ್‌ಕಾರ್ಟ್, 2010ರಲ್ಲಿ ಮನೆ ಬಾಗಿಲಲ್ಲಿ ಹಣ ಕೊಡುವ ವ್ಯವಸ್ಥೆ ತಂದಾಗ ಅದು ಹೊಸ ಉಪಾಯವೆಂದು ಹೆಸರಾಯಿತು. ವಿ.ಪಿ. ಪೊಟ್ಟಣ ಬಿಡಿಸಿಕೊಂಡ ಮನೆಗಳಿಗೆ ಅದು ನೂರಮೂವತ್ತು ವರ್ಷ ಹಳೆಯ ಪದ್ಧತಿ. ವಾಪಸಾಗುವ ಪೊಟ್ಟಣದ ತಾಪತ್ರಯವೂ ಅದೇ. ದೊಡ್ಡ ಕಂಪನಿ ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಮುನ್ನೂರು, ಐನೂರು ಪ್ರತಿ ಅಚ್ಚು ಹಾಕಿಸುವ ಪ್ರಕಾಶನಕ್ಕೆ ಹತ್ತು ಪೊಟ್ಟಣ ವಾಪಸು ಬಂದರೆ ಆ ತಿಂಗಳ ಲಾಭ ಹೋಯಿತು. ನಮ್ಮ ಮೊದಲ ತೀರ್ಮಾನ ಇಲ್ಲಿಂದಲೇ ಬಂತು: ಯಾವ ತಂತ್ರಾಂಶ ತಂದರೂ ಬಾಗಿಲಲ್ಲಿ ಹಣ ಪಡೆಯುವ ಆಯ್ಕೆಯನ್ನು ಮುಚ್ಚಿಡುವುದು.

ಚಂದಾದ ಕಥೆ ಬೇರೆ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದರು. ಬೇಂದ್ರೆ, ಗೋಕಾಕ, ಮುಗಳಿಯವರ ಬೆಂಬಲ ಇತ್ತು. ಮುಂದೆ ಕೀರ್ತಿನಾಥ ಕುರ್ತಕೋಟಿಯವರ ಸಲಹೆ ಸೇರಿತು. ಸುಭಾಸ ರೋಡಿನ ಅವರ 'ಅಟ್ಟ' ಕನ್ನಡ ಸಾಹಿತ್ಯದ ಒಂದು ವಿಳಾಸವೇ ಆಯಿತು. ಓದುಗ ಮೊದಲೇ ಚಂದಾ ಕೊಡುತ್ತಾನೆ, ಗ್ರಂಥಮಾಲೆ ತಾನು ಪ್ರಕಟಿಸಿದ್ದನ್ನು ಅವನಿಗೆ ಕಳಿಸುತ್ತದೆ. ಯಾವ ಪುಸ್ತಕ ಬರುತ್ತದೆ ಎಂಬುದು ಚಂದಾದಾರನ ಆಯ್ಕೆಯಲ್ಲ.

ಇದರ ಬೆಲೆ ತಿಳಿಯಬೇಕಾದರೆ 1961ಕ್ಕೆ ಹೋಗಬೇಕು. ಆ ವರ್ಷ ಗ್ರಂಥಮಾಲೆ ಶಾಂತಿನಾಥ ದೇಸಾಯಿಯವರ 'ಮುಕ್ತಿ' ಕಾದಂಬರಿಯನ್ನೂ ಗಿರೀಶ ಕಾರ್ನಾಡ ಎಂಬ ಇಪ್ಪತ್ತಮೂರರ ಹುಡುಗನ ಮೊದಲ ನಾಟಕ 'ಯಯಾತಿ'ಯನ್ನೂ ಪ್ರಕಟಿಸಿತು. 1964ರಲ್ಲಿ 'ತುಘಲಕ್', 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಬಂದವು. ಅಂದು ಅಂಗಡಿಗೆ ಹೋದ ಓದುಗ ಹೆಸರು ಕೇಳಿರದ ಹುಡುಗನ ನಾಟಕವನ್ನು ತಾನಾಗಿ ಎತ್ತಿಕೊಳ್ಳುತ್ತಿದ್ದನೇ? ಚಂದಾ ಪದ್ಧತಿಯಲ್ಲಿ ಅವನು ಎತ್ತಿಕೊಳ್ಳಬೇಕಾಗಿಯೇ ಇರಲಿಲ್ಲ. ಅವನು ನಂಬಿದ್ದು ಪುಸ್ತಕವನ್ನಲ್ಲ, ಅಟ್ಟದ ಮೇಲೆ ಕೂತು ಹಸ್ತಪ್ರತಿ ಓದುವವರನ್ನು. ಕನ್ನಡದ ನವ್ಯ ಸಾಹಿತ್ಯಕ್ಕೆ ಓದುಗರು ಸಿಕ್ಕ ಬಗೆಯನ್ನು ವಿವರಿಸುವಾಗ ನಾವು ವಿಮರ್ಶೆಯ, ಚಳವಳಿಯ ಮಾತಾಡುತ್ತೇವೆ. ಮುಂಗಡ ಹಣ ಕೊಟ್ಟು ಕಾದವರ ಪಾಲನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಈಗ ಬುಟ್ಟಿಗೆ ಬರೋಣ. ಕಾರ್ಟ್ ಎಂಬ ರೂಪಕ ಹುಟ್ಟಿದ್ದು ಅಮೆರಿಕದಲ್ಲಿ. 1937ರಲ್ಲಿ ಓಕ್ಲಹೋಮ ನಗರದ ಅಂಗಡಿಕಾರ ಸಿಲ್ವನ್ ಗೋಲ್ಡ್‌ಮನ್ ಗಾಲಿ ಇರುವ ಬುಟ್ಟಿಯನ್ನು ತಂದ. ಮೊದಮೊದಲು ಯಾರೂ ಅದನ್ನು ಮುಟ್ಟಲಿಲ್ಲವಂತೆ. ಬಾಡಿಗೆ ಕೊಟ್ಟು ಕರೆಸಿದ ಜನರಿಂದ ಅದನ್ನು ತಳ್ಳಿಸಿ ತೋರಿಸಬೇಕಾಯಿತು. ಗಿರಾಕಿ ತಾನೇ ಓಡಾಡಿ, ತಾನೇ ಆರಿಸಿ, ಯಾರನ್ನೂ ಮಾತಾಡಿಸದೆ ಕೊನೆಗೆ ಒಮ್ಮೆ ಹಣ ಕೊಡುವ ಅಂಗಡಿಯ ಸಾಧನ ಅದು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂತೆ ಮಾಡುವವರ ಕೈಯಲ್ಲಿ ಇರುವುದು ಪಿಶವಿ. ಪಿಶವಿ ಹಿಡಿದವರು ಕೇಳುತ್ತಾರೆ, ಚೌಕಾಶಿ ಮಾಡುತ್ತಾರೆ, ನಾಳೆ ಕೊಡುತ್ತೇನೆ ಅನ್ನುತ್ತಾರೆ. ಎರಡೂ ಸಾಮಾನು ತುಂಬುವ ವಸ್ತುಗಳೇ, ಆದರೆ ಅವುಗಳ ಹಿಂದಿರುವ ವ್ಯಾಪಾರದ ಕಲ್ಪನೆ ಬೇರೆ.

ಜಾಲತಾಣಕ್ಕೆ ಬಂದಾಗ ಈ ಬುಟ್ಟಿಗೆ ಇನ್ನೊಂದು ತೊಡಕು ಎದುರಾಯಿತು. ವೆಬ್ಬಿಗೆ ಹುಟ್ಟಿನಿಂದಲೇ ಮರೆವು. ಒಂದು ಪುಟ ಕೇಳಿದವರೇ ಇನ್ನೊಂದು ಪುಟ ಕೇಳಿದರೂ ಸರ್ವರಿಗೆ ಅವರು ಹೊಸಬರು. ಬುಟ್ಟಿಗೆ ಹಾಕಿದ್ದು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಇಲ್ಲವಾಗುತ್ತಿತ್ತು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಕುಕಿಯನ್ನು ರೂಪಿಸಿದ್ದು ಇದಕ್ಕಾಗಿ. ಎಂಸಿಐ ಎಂಬ ಕಂಪನಿಗೆ ಖರೀದಿಯ ಬುಟ್ಟಿ ಬೇಕಿತ್ತು, ಅರ್ಧಕ್ಕೆ ನಿಂತ ಖರೀದಿಯ ನೆನಪನ್ನು ತನ್ನ ಯಂತ್ರದಲ್ಲಿ ಇಟ್ಟುಕೊಳ್ಳುವುದು ಅದಕ್ಕೆ ಬೇಡವಾಗಿತ್ತು. ಹಾಗಾಗಿ ನೆನಪಿನ ಚೀಟಿಯನ್ನು ಗಿರಾಕಿಯ ಕಂಪ್ಯೂಟರಿನಲ್ಲೇ ಇಟ್ಟರು. ಇವತ್ತು ಜಾಹೀರಾತಿನವರು ನಮ್ಮ ಬೆನ್ನು ಹತ್ತಲು ಬಳಸುವ ಕುಕಿ ಮೊದಲು ಹುಟ್ಟಿದ್ದು ಬುಟ್ಟಿಯಲ್ಲಿ ಏನಿದೆ ಎಂದು ನೆನಪಿಡಲು.

ಆಮೇಲಿನದು ತಂತ್ರಾಂಶಗಳ ವಂಶಾವಳಿ. ಓಎಸ್‌ಕಾಮರ್ಸ್ 2000ದಲ್ಲಿ ಜರ್ಮನಿಯಲ್ಲಿ ಶುರುವಾಯಿತು, ಅದರಿಂದ ಒಡೆದು 2003ರಲ್ಲಿ ಝೆನ್ ಕಾರ್ಟ್ ಬಂತು. ಎರಡೂ ಬರೀ ಅಂಗಡಿಗಳು. ಲೇಖನ ಬರೆಯುವ ತಾಣ ಒಂದು ಕಡೆ, ಅಂಗಡಿ ಇನ್ನೊಂದು ಕಡೆ. ಪತ್ರಿಕೆ ಅಥವಾ ಪ್ರಕಾಶನ ನಡೆಸುವವರಿಗೆ ಬೇಕಾದದ್ದು ಓದುವ ಕೋಣೆಯೂ ಕೊಳ್ಳುವ ಕೋಣೆಯೂ ಒಂದೇ ಸೂರಿನಡಿ. ಜೂಮ್ಲಾಕ್ಕೆ ವರ್ಚ್ಯುಮಾರ್ಟ್, ಡ್ರೂಪಲ್‌ಗೆ ಉಬರ್‌ಕಾರ್ಟ್ ಹಾಗೂ 2011ರಲ್ಲಿ ಡ್ರೂಪಲ್ ಕಾಮರ್ಸ್, ವರ್ಡ್‌ಪ್ರೆಸ್‌ಗೆ 2011ರಲ್ಲಿ ವೂಕಾಮರ್ಸ್ ಬಂದದ್ದು ಆ ಬೇಡಿಕೆಯಿಂದ. ವೂಕಾಮರ್ಸ್ ಕೂಡ ಸ್ವಯಂಭೂ ಅಲ್ಲ. ಜಿಗೋಶಾಪ್ ಎಂಬ ಮುಕ್ತ ತಂತ್ರಾಂಶದಿಂದ ಕವಲೊಡೆದದ್ದು. 2015ರಲ್ಲಿ ಅದನ್ನು ವರ್ಡ್‌ಪ್ರೆಸ್ ಸಂಸ್ಥಾಪಕರ ಕಂಪನಿ ಆಟೊಮ್ಯಾಟಿಕ್ ಕೊಂಡುಕೊಂಡಿತು.

ನಮ್ಮ ಆಯ್ಕೆ ಮೂರು ದಾರಿಗಳ ನಡುವೆ ಇತ್ತು. ಒಂದು, ದೊಡ್ಡ ಮಾರಾಟ ತಾಣಗಳಲ್ಲಿ ಪುಸ್ತಕ ಇಡುವುದು. ಇದರಲ್ಲಿ ತಲೆನೋವು ಕಡಿಮೆ, ಆದರೆ ಕೊಂಡವನು ಆ ತಾಣದ ಗಿರಾಕಿ, ಪ್ರಕಾಶನದ ಓದುಗ ಅಲ್ಲ. ಮುಂದಿನ ಪುಸ್ತಕ ಬಂದಾಗ ಅವನಿಗೆ ತಿಳಿಸಲು ಪ್ರಕಾಶಕರ ಬಳಿ ಏನೂ ಇರುವುದಿಲ್ಲ. ಎರಡು, ಶಾಪಿಫೈ ತರಹದ ಬಾಡಿಗೆ ಅಂಗಡಿ. ಅಚ್ಚುಕಟ್ಟು, ಗಟ್ಟಿ. ಆದರೆ ಪುಸ್ತಕ ಮಾರಲಿ ಬಿಡಲಿ ತಿಂಗಳ ಬಾಡಿಗೆ ಕಟ್ಟಬೇಕು, ಲೇಖನಗಳಿರುವ ತಾಣವನ್ನು ಬಿಟ್ಟು ಹೋಗಬೇಕು ಅಥವಾ ಎರಡು ಮನೆ ನಡೆಸಬೇಕು. ಮೂರು, ಇರುವ ತಾಣಕ್ಕೇ ಮುಕ್ತ ತಂತ್ರಾಂಶದ ಕಾರ್ಟ್ ಜೋಡಿಸುವುದು. ಮೊದಲಿಗೆ ಹಣ ಕಡಿಮೆ, ಆದರೆ ನೋಡಿಕೊಳ್ಳುವ ಕೆಲಸ ನಿಮ್ಮದೇ.

ನೋಡಿಕೊಳ್ಳುವುದು ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ 'ಸಂಪದ' ಡ್ರೂಪಲ್ ಮೇಲೆ ನಿಂತಿತ್ತು. ಕನ್ನಡದಲ್ಲಿ ಬರೆಯುವ, ಚರ್ಚಿಸುವ ಸಮುದಾಯವನ್ನು ಇಂಥ ವ್ಯವಸ್ಥೆಯ ಮೇಲೆ ಕಟ್ಟಬಹುದು ಎಂದು ತೋರಿಸಿಕೊಟ್ಟ ತಾಣ ಅದು. ಆದರೆ ತಂತ್ರಾಂಶಕ್ಕೂ ಆಯುಷ್ಯ ಇದೆ. ಡ್ರೂಪಲ್ 6ಕ್ಕೆ 2016ರ ಫೆಬ್ರವರಿಯಲ್ಲಿ, ಡ್ರೂಪಲ್ 7ಕ್ಕೆ 2025ರ ಜನವರಿ 5ರಂದು ಅಧಿಕೃತ ಬೆಂಬಲ ನಿಂತಿತು. ಅವುಗಳ ಮೇಲೆ ಅಂಗಡಿ ಕಟ್ಟಿದವರೆಲ್ಲ ಮನೆ ಬದಲಿಸಬೇಕಾಯಿತು. ನಾವು ಕೊನೆಗೆ ವೂಕಾಮರ್ಸ್ ಆರಿಸಿದೆವು. ಅದೇ ಎಲ್ಲಕ್ಕಿಂತ ಒಳ್ಳೆಯದೆಂದಲ್ಲ. ತಾಣ ಮೊದಲೇ ವರ್ಡ್‌ಪ್ರೆಸ್‌ನಲ್ಲಿತ್ತು, ಕೆಟ್ಟರೆ ರಿಪೇರಿ ಮಾಡಬಲ್ಲವರು ಹುಬ್ಬಳ್ಳಿಯಲ್ಲೇ ಸಿಗುತ್ತಾರೆ. ಅಚ್ಚಿನ ಯಂತ್ರ ಕೊಳ್ಳುವಾಗಲೂ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ನೋಡಿಯೇ ಕೊಳ್ಳುತ್ತಾರಲ್ಲ.

ಆರಿಸಿದ ಮೇಲೆ ಕನ್ನಡದ ತೊಡಕುಗಳು ಬಂದವು. ಹಳೆಯ ಪುಸ್ತಕಪಟ್ಟಿ ನುಡಿಯ ಹಳೆಯ ಫಾಂಟಿನಲ್ಲಿತ್ತು. ಪರದೆಯ ಮೇಲೆ ಕನ್ನಡದಂತೆ ಕಂಡರೂ ಯಂತ್ರಕ್ಕೆ ಅದು ಕನ್ನಡವಲ್ಲ, ಹುಡುಕಿದರೆ ಸಿಗುವುದಿಲ್ಲ. ಎಲ್ಲವನ್ನೂ ಯುನಿಕೋಡಿಗೆ ಬದಲಾಯಿಸಿ, ಕೆಟ್ಟ ಒತ್ತಕ್ಷರಗಳನ್ನು ಕೈಯಿಂದ ತಿದ್ದಬೇಕಾಯಿತು. ಇನ್ನೊಂದು, ವರ್ಡ್‌ಪ್ರೆಸ್ ಪುಸ್ತಕದ ಹೆಸರಿನಿಂದಲೇ ಪುಟದ ವಿಳಾಸ ಮಾಡುತ್ತದೆ. ಆ ವಿಳಾಸಕ್ಕೆ ಇನ್ನೂರು ಸಂಕೇತಗಳ ಮಿತಿ ಇದೆ. ಕನ್ನಡದ ಪ್ರತಿ ಅಕ್ಷರಚಿಹ್ನೆ, ಅಂದರೆ ವ್ಯಂಜನ, ಗುಣಿತದ ಗುರುತು, ಸೊನ್ನೆ ಪ್ರತಿಯೊಂದೂ, ಅಲ್ಲಿ ಒಂಬತ್ತು ಸಂಕೇತ ತಿನ್ನುತ್ತದೆ. ಹೀಗಾಗಿ ಸುಮಾರು ಇಪ್ಪತ್ತೆರಡು ಚಿಹ್ನೆಗಳಾಚೆಗಿನ ಹೆಸರು ನಡುವೆಯೇ ತುಂಡಾಗುತ್ತದೆ. ವಿಮರ್ಶಾ ಗ್ರಂಥಗಳ ಹೆಸರು ಎಷ್ಟು ಉದ್ದ ಇರುತ್ತವೆ ಎಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಅಂಥವಕ್ಕೆ ಚಿಕ್ಕ ವಿಳಾಸವನ್ನು ನಾವೇ ಬರೆದೆವು. ಮೂರನೆಯದು ಕಾವ್ಯನಾಮ. ಜಡಭರತ ಎಂದು ಹುಡುಕಿದವರಿಗೆ ಜಿ.ಬಿ. ಜೋಶಿ ಸಿಗಬೇಕು, ಅಂಬಿಕಾತನಯದತ್ತ ಎಂದವರಿಗೆ ಬೇಂದ್ರೆ ಸಿಗಬೇಕು. ಇಬ್ಬರೂ ಒಬ್ಬರೇ ಎಂದು ತಂತ್ರಾಂಶಕ್ಕೆ ಗೊತ್ತಿಲ್ಲ. ಪ್ರತಿ ಲೇಖಕರ ಎಲ್ಲ ಹೆಸರುಗಳನ್ನೂ ಸೇರಿಸುವುದು ಗ್ರಂಥಪಾಲಕರ ಕೆಲಸ, ಅದನ್ನು ಕಾರ್ಟ್ ಮಾಡಿಕೊಡುವುದಿಲ್ಲ.

ಅಂಚೆಯ ಲೆಕ್ಕ ಇನ್ನೂ ನಾಜೂಕು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವಾದ್ದರಿಂದ ತೆರಿಗೆಯ ಕಾಲಂ ಸುಲಭ. ಸಾಗಣೆಯ ಖರ್ಚು ಹಾಗಲ್ಲ. ಸಣ್ಣ ಪ್ರಕಾಶಕರ ಬೆನ್ನೆಲುಬಾಗಿದ್ದ ಅಗ್ಗದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. ದೇಶದ ಪ್ರಕಾಶಕರು ಗಾಬರಿಯಾದರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂತು: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ನಡುವೆ ತೂಕದ ಮೆಟ್ಟಿಲುಗಳು. ಆದರೆ ವೂಕಾಮರ್ಸ್‌ನ ಮೂಲ ರೂಪದಲ್ಲಿ ಇಂಥ ತೂಕದ ಮೆಟ್ಟಿಲುಗಳ ಕೋಷ್ಟಕ ಇಲ್ಲ, ಅದಕ್ಕೆ ಇನ್ನೊಂದು ತುಣುಕು ಜೋಡಿಸಬೇಕು. ಪ್ರತಿ ಪುಸ್ತಕವನ್ನೂ ತಕ್ಕಡಿಯಲ್ಲಿಟ್ಟು ತೂಗಿ ಗ್ರಾಂ ಬರೆಯಬೇಕು. ಎರಡು ದಿನ ಪ್ರಕಾಶನದ ಕೋಣೆ ಕಿರಾಣಿ ಅಂಗಡಿಯಂತೆ ಇತ್ತು. ಕವಿತೆ 140 ಗ್ರಾಂ, ಕಾದಂಬರಿ 420.

ಇಷ್ಟೆಲ್ಲ ಸರಿಹೋದ ಮೇಲೂ ಚಂದಾದ ಪ್ರಶ್ನೆ ಉಳಿಯಿತು. ಈ ಪ್ರಕಾಶನಕ್ಕೂ ಗ್ರಂಥಮಾಲೆಯ ಮಾದರಿಯಲ್ಲಿ ಒಂದಿಷ್ಟು ವಾರ್ಷಿಕ ಚಂದಾದಾರರಿದ್ದಾರೆ. ಕಾರ್ಟ್ ಕೇಳುವುದು ವಸ್ತುವಿನ ಹೆಸರು, ಬೆಲೆ, ತೂಕ, ದಾಸ್ತಾನು. ಚಂದಾದಾರ ಕೊಳ್ಳುತ್ತಿರುವ ಪುಸ್ತಕಕ್ಕೆ ಇನ್ನೂ ಹೆಸರಿಲ್ಲ, ತೂಕವಿಲ್ಲ, ಕೆಲವೊಮ್ಮೆ ಅದನ್ನು ಬರೆದು ಮುಗಿಸಿಯೂ ಇಲ್ಲ. ಬುಟ್ಟಿ ಎಂಬ ಕಲ್ಪನೆಯಲ್ಲೇ ಗಿರಾಕಿಗೆ ತನಗೇನು ಬೇಕೆಂದು ಗೊತ್ತಿದೆ ಎಂಬ ಊಹೆ ಅಡಗಿದೆ. ಚಂದಾದಲ್ಲಿ ಅವನಿಗೆ ಗೊತ್ತಿಲ್ಲ, ಗೊತ್ತಾಗಲಿ ಎಂದೇ ಹಣ ಕೊಡುತ್ತಾನೆ. ನನ್ನ ಮಟ್ಟಿಗೆ ಕಾರ್ಟ್ ಆಯ್ಕೆಯ ಕಸರತ್ತಿನಲ್ಲಿ ನಿಜಕ್ಕೂ ಪಣಕ್ಕಿದ್ದದ್ದು ಇದು. ಹೆಸರು ಕೇಳಿದ ಪುಸ್ತಕಗಳಷ್ಟೇ ಮಾರುವ ಅಂಗಡಿ ಕಟ್ಟಿದರೆ ಮುಂದಿನ 'ಯಯಾತಿ'ಗೆ ಅದರಲ್ಲಿ ಜಾಗ ಎಲ್ಲಿ?

ಚಂದಾಕ್ಕೆಂದೇ ಮಾಡಿದ ಜೋಡಣೆಗಳು ಇವೆ. ಅವು ವರ್ಷವರ್ಷ ಡಾಲರಿನಲ್ಲಿ ಹಣ ಕೇಳುತ್ತವೆ. ಅವುಗಳ ಮುಖ್ಯ ಗುಣ ಚಂದಾ ತಾನಾಗಿ ನವೀಕರಣವಾಗುವುದು, ಓದುಗನ ಖಾತೆಯಿಂದ ಹಣ ತಾನಾಗಿ ಕಡಿತವಾಗುವುದು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ಹೀಗೆ ಮತ್ತೆ ಮತ್ತೆ ಕಡಿತ ಮಾಡಲು ಗಿರಾಕಿಯ ಒಪ್ಪಿಗೆ ನೋಂದಾಯಿಸಬೇಕು, ಪ್ರತಿ ಸಲ 24 ಗಂಟೆ ಮೊದಲು ತಿಳಿಸಬೇಕು. ಆದರೆ ನಿಯಮಕ್ಕಿಂತ ದೊಡ್ಡ ಆಕ್ಷೇಪ ಪ್ರಕಾಶಕರದು: "ಮರತು ಕೊಟ್ಟ ರೊಕ್ಕಾ ಚಂದಾ ಅಲ್ಲವಾ." ವರ್ಷಕ್ಕೊಮ್ಮೆ ಓದುಗ ಮತ್ತೆ ಮನಸ್ಸು ಮಾಡಬೇಕು, ಆಗ ಮಾತ್ರ ಹಿಂದಿನ ವರ್ಷದ ಪುಸ್ತಕಗಳು ಅವನಿಗೆ ಹಿಡಿಸಿದವೋ ಇಲ್ಲವೋ ತಿಳಿಯುತ್ತದೆ. ಹೀಗಾಗಿ ಉಪಾಯ ಸರಳವಾಯಿತು. ತೂಕವಿಲ್ಲದ ಒಂದು ವಸ್ತುವನ್ನು ಅಂಗಡಿಗೆ ಸೇರಿಸಿದೆವು. ಅದರ ಹೆಸರು 'ಈ ವರ್ಷದ ಚಂದಾ'. ವಿವರಣೆಯಲ್ಲಿ ಪುಸ್ತಕದ ಹೆಸರಿಲ್ಲ, ಯಾರು ಹಸ್ತಪ್ರತಿ ಓದಿ ಆರಿಸುತ್ತಾರೆ ಎಂಬುದಷ್ಟೇ ಇದೆ. ಅದನ್ನು ಅಂಗಡಿಯ ಮೊದಲ ಸಾಲಿನಲ್ಲಿ ಇಟ್ಟೆವು.

ಜಾಲದಲ್ಲಿ ಹಣ ಕೊಡಲು ಒಲ್ಲದವರು ಇನ್ನೂ ಇದ್ದಾರೆ. ಯುಪಿಐ 2016ರಲ್ಲಿ ಬಂದ ಮೇಲೆ ಅವರ ಸಂಖ್ಯೆ ಇಳಿದಿದೆ, ಮುಗಿದಿಲ್ಲ. ಅವರು ಮೊದಲಿನಂತೆ ಫೋನ್ ಮಾಡುತ್ತಾರೆ. ಅವರ ಬೇಡಿಕೆಯನ್ನು ಪ್ರಕಾಶನದವರೇ ಅದೇ ವ್ಯವಸ್ಥೆಯಲ್ಲಿ ಬರೆದುಕೊಳ್ಳುತ್ತಾರೆ. ಇದರಿಂದ ಎಲ್ಲ ಮಾರಾಟಕ್ಕೂ ಒಂದೇ ಕೀರ್ದಿ ಸಿಕ್ಕಿತು.

ಪ್ರಕಾಶಕರ ಮೂರನೆಯ ಮಾತು ಲೆಕ್ಕ ಉಳಿಯಬೇಕು ಎಂಬುದು. ಅವರು ಹೇಳಿದ್ದು ಹಣದ ಲೆಕ್ಕ. ನನ್ನ ಕಾಳಜಿ ಇನ್ನೊಂದು. ಅವರ ಕಪಾಟಿನ ಹಳೆಯ ಚಂದಾ ರಜಿಸ್ಟರುಗಳು ನನ್ನಂಥವರಿಗೆ ಬಂಗಾರ. ಯಾವ ಊರಿಗೆ ಯಾವ ಪುಸ್ತಕ ಹೋಯಿತು, ಶಾಲಾ ಮಾಸ್ತರರು ಎಷ್ಟು, ವಕೀಲರು ಎಷ್ಟು, ಮಹಾರಾಷ್ಟ್ರದ ಗಡಿಯಾಚೆ ಎಷ್ಟು ಎಂದು ಅವುಗಳಲ್ಲಿ ನೋಡಬಹುದು. ಓದುಗರ ಇತಿಹಾಸ ಬರೆಯಲು ಇದಕ್ಕಿಂತ ನೇರ ಆಧಾರ ಇಲ್ಲ. ಕಾರ್ಟಿನ ಲೆಕ್ಕ ಡೇಟಾಬೇಸಿನಲ್ಲಿ ಇರುತ್ತದೆ. ವೂಕಾಮರ್ಸ್ ಮೊದಲ ಹನ್ನೆರಡು ವರ್ಷ ಪ್ರತಿ ಆರ್ಡರನ್ನೂ ಲೇಖನಗಳಿರುವ ಕೋಷ್ಟಕದಲ್ಲೇ ಒಂದು ಲೇಖನದಂತೆ ಇಡುತ್ತಿತ್ತು. 2023ರ ಅಕ್ಟೋಬರಿನಿಂದ ಹೊಸ ಅಂಗಡಿಗಳಲ್ಲಿ ಆರ್ಡರುಗಳಿಗೆ ಬೇರೆ ಕೋಷ್ಟಕ ಬಂದಿದೆ. ನಾಳೆ ಇನ್ನೊಂದು ಬದಲಾವಣೆ ಬರಬಹುದು. ವರ್ಷದ ಬಾಡಿಗೆ ಕಟ್ಟದಿದ್ದರೆ ಸರ್ವರಿನಲ್ಲಿ ಎಲ್ಲವೂ ಅಳಿಸಿಹೋಗುತ್ತದೆ. ಗೆದ್ದಲು ಹಿಡಿಯಲು ಕಾಗದಕ್ಕೆ ಹತ್ತಿಪ್ಪತ್ತು ವರ್ಷ ಬೇಕು, ಇದಕ್ಕೆ ಒಂದು ಮರೆತ ಬಿಲ್ ಸಾಕು.

ಹಾಗೆಂದು ಎಲ್ಲವನ್ನೂ ಉಳಿಸಿಡಿ ಎನ್ನುವುದೂ ತರವಲ್ಲ. ಯಾರು ಯಾವ ಪುಸ್ತಕ ಓದಿದರು ಎಂಬುದು ಅವರ ಖಾಸಗಿ ಸಂಗತಿ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆಯೂ ಕೆಲಸ ಮುಗಿದ ಮೇಲೆ ವೈಯಕ್ತಿಕ ವಿವರ ಇಟ್ಟುಕೊಳ್ಳಬಾರದು ಎನ್ನುತ್ತದೆ. ಹಳೆಯ ರಜಿಸ್ಟರಿನಲ್ಲಿ ಹೆಸರು ಬರೆಸಿದವರು ಮುಂದೊಂದು ದಿನ ಸಂಶೋಧಕಿಯೊಬ್ಬಳು ಅದನ್ನು ತಿರುವಿಹಾಕುತ್ತಾಳೆ ಎಂದು ಒಪ್ಪಿಗೆ ಕೊಟ್ಟಿರಲಿಲ್ಲ. ಅವರ ಹೆಸರು ಪ್ರಬಂಧದಲ್ಲಿ ಬರದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಹೊಸ ಲೆಕ್ಕದಲ್ಲಿ ಆ ಜವಾಬ್ದಾರಿಯನ್ನು ಮೊದಲೇ ಕಟ್ಟಿಕೊಳ್ಳಲು ಸಾಧ್ಯ.

ಅದಕ್ಕೆ ಹೀಗೆ ಮಾಡಿದೆವು. ಪ್ರತಿ ವರ್ಷ ಮಾರ್ಚ್ ಕೊನೆಗೆ ಆರ್ಡರುಗಳ ಪಟ್ಟಿಯನ್ನು ಸಾದಾ ಕೋಷ್ಟಕದ ಕಡತವಾಗಿ ಹೊರತೆಗೆಯುವುದು. ತೆರಿಗೆ, ಹಣಕಾಸಿಗೆ ಬೇಕಾದ ಪೂರ್ತಿ ಪ್ರತಿ ಕಾನೂನಿನ ಅವಧಿ ಮುಗಿಯುವವರೆಗೆ ಮಾತ್ರ. ಇನ್ನೊಂದು ಪ್ರತಿಯಲ್ಲಿ ಹೆಸರು, ಫೋನು, ಬೀದಿ ತೆಗೆದುಹಾಕಿ ನಾಲ್ಕೇ ಕಾಲಂ: ತಾರೀಖು, ಪುಸ್ತಕ, ಚಂದಾವೋ ಬಿಡಿಯೋ ಎಂಬುದು, ಮತ್ತು ಪಿನ್‌ಕೋಡ್. 1972ರ ಆಗಸ್ಟ್ 15ರಿಂದ ಬಂದ ಆ ಆರು ಅಂಕಿಗಳು ಊರನ್ನು ಹೇಳುತ್ತವೆ, ಮನೆಯನ್ನು ಹೇಳುವುದಿಲ್ಲ. 580001 ಎಂದರೆ ಧಾರವಾಡ, ಅಷ್ಟೇ. ಆ ಪ್ರತಿಯನ್ನು ಕಾಗದದ ಮೇಲೂ ಮುದ್ರಿಸಿ ಹಳೆಯ ರಜಿಸ್ಟರುಗಳ ಪಕ್ಕದಲ್ಲೇ ಇಡುತ್ತಾರೆ.

ಈ ಮಾರ್ಚಿನಲ್ಲಿ ಮೊದಲ ಪಟ್ಟಿ ಹೊರಬಂತು. ಏಳೇ ಪುಟ. ಬಿಡಿ ಮಾರಾಟದಲ್ಲಿ ಹೆಸರಾಂತರ ಪುಸ್ತಕಗಳೇ ಮುಂದೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೊಸ ಕವಯಿತ್ರಿಯೊಬ್ಬರ ಮೊದಲ ಸಂಕಲನದ ಎದುರಿನ ಸಾಲುಗಳಲ್ಲಿ ಒಂದೂ ಬಿಡಿ ಖರೀದಿ ಇಲ್ಲ, ಎಲ್ಲದರ ಮುಂದೆಯೂ ಚಂದಾ ಎಂದಿದೆ. ಪಿನ್‌ಕೋಡುಗಳು ಮಾತ್ರ ಬೇರೆ ಬೇರೆ.